ಬಾಲ ಬಿಡದ ಹೊಲಿಗೆ

ಚೀಲದಮ್ಮನ ಮುತ್ತಜ್ಜ ಕುದುರೆಯ ಜೀನು ಹೊಲಿಯುತ್ತಿದ್ದವನು. ಸವಾರ ಬಿದ್ದರೆ ತಪ್ಪು ಕುದುರೆಯದು, ಹೊಲಿಗೆಯದಲ್ಲ ಎಂದು ಊರೇ ನಂಬಿತ್ತು. ಅಜ್ಜ ಹಡಗು ಹತ್ತುವವರಿಗೆ ತೊಗಲಿನ ಪೆಟ್ಟಿಗೆ ಮಾಡಿಕೊಟ್ಟ. ಅಪ್ಪ ಬಸ್ ನಿಲ್ದಾಣದ ಎದುರು ಚೀಲ ರಿಪೇರಿ ಅಂಗಡಿ ಇಟ್ಟ. ಮೂವರದೂ ಒಂದೇ ಪಾಠ: ಹೊಲಿಗೆ ಮುಗಿದಲ್ಲಿ ದಾರದ ತುದಿಯನ್ನು ಗೋಧಿಕಾಳಿನಷ್ಟು ಹೊರಗೆ ಬಿಡಬೇಕು. ಅದಕ್ಕೆ ಬಾಲ ಎನ್ನುತ್ತಿದ್ದರು. ಎಳೆದರೆ ಹೊಲಿಗೆ ಬಿಚ್ಚಿಕೊಳ್ಳಬೇಕು. ಬಿಚ್ಚಲಾಗದ ಹೊಲಿಗೆ ಇಳಿಯಲಾಗದ ಮರವಿದ್ದ ಹಾಗೆ.

ಅಂಗಡಿ ಈಗ ಚೀಲದಮ್ಮನದು. ಪರದೇಶಕ್ಕೆ ಹೊರಟ ಮಕ್ಕಳು ಜಿಪ್ಪು ಹಾಕಿಸಲು ಬಂದರೆ ಬುದ್ಧಿಮಾತು ಬಿಟ್ಟಿ.

"ಗುರುತಿಲ್ಲದವರ ಗಂಟು ಹೊರಬೇಡ. ಪಾಸ್‌ಪೋರ್ಟಿನ ನಕಲು ಮನೇಲೊಂದು ಬಿಟ್ಟು ಹೋಗು. ಅಲ್ಲಿರೋ ನಮ್ಮ ದೇಶದ ಕಚೇರಿ ನಂಬರು ಬಾಯಿಪಾಠ ಮಾಡು. ಅಸಲು ಪಾಸ್‌ಪೋರ್ಟು ಕೇಳಿದ್ರೆ ತೋರಿಸು, ವಾಪಸ್ ತಗೋ. ಇಟ್ಕೊಳ್ಳೋಕೆ ಮಾತ್ರ ಯಾರಿಗೂ ಕೊಡಬೇಡ."

ಇದು ಪುಸ್ತಕದಲ್ಲಿ ಓದಿದ್ದಲ್ಲ. ಅವಳ ತಂಗಿ ಮನೆಗೆಲಸಕ್ಕೆಂದು ಹೊರದೇಶಕ್ಕೆ ಹೋದಾಗ ಯಜಮಾನಿ ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು. ಎಷ್ಟೋ ವರ್ಷಗಳ ಮೇಲೆ ಕಡ್ಡಿಯಂತಾಗಿ ಮರಳಿದ ತಂಗಿ ಇವತ್ತಿಗೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲಾರಳು.

ಹೀಗಿರುವಾಗ ಮೊಮ್ಮಗಳಿಗೆ ದೂರದೇಶದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಹತ್ತಿರವಾದಂತೆ ಚೀಲದಮ್ಮನಿಗೆ ತಂಗಿಯ ಪಾಡೇ ಕಣ್ಣಮುಂದೆ. ಹಾವು ಕಚ್ಚಿದವರಿಗೆ ಹಗ್ಗವೂ ಹೆಡೆ ಎತ್ತುತ್ತದೆ. ಮೊಮ್ಮಗಳ ಕೋಟಿನ ಒಳಜೇಬಿಗೆ ಪಾಸ್‌ಪೋರ್ಟು ಸೇರಿಸಿ, ಮೇಣ ಸವರಿದ ದಾರದಲ್ಲಿ ಸುತ್ತಲೂ ಬಿಗಿದಳು. ಬಾಲ ಬಿಟ್ಟರೆ ಕಳ್ಳನ ಕಣ್ಣಿಗೂ ಬಿದ್ದೀತು ಎಂದು ಅದನ್ನೂ ಒಳಗೇ ಹೂತಳು. ಅವಳು ವಿಮಾನ ಕಂಡದ್ದು ತಲೆ ಎತ್ತಿದಾಗ ಮಾತ್ರ. ಕಾಗದ ಕೇಳುವುದು ಆ ಕಡೆ ಇಳಿದ ಮೇಲೆ ಎಂದುಕೊಂಡಿದ್ದಳು. "ಒಳಜೇಬಲ್ಲಿ ಭದ್ರವಾಗಿದೆ ಕಣೇ" ಎಂದಳು. ಹುಡುಗಿಯೂ ಕೈ ಹಾಕಿ ನೋಡಲಿಲ್ಲ. ಮಕ್ಕಳೇ, ಯಾರೇ ಕಟ್ಟಿಕೊಟ್ಟಿರಲಿ, ಹೊರಡುವ ಮೊದಲು ಒಮ್ಮೆ ನೀವೇ ತೆಗೆದು ನೋಡಿ.

ಬೀಳ್ಕೊಡಲು ಚೀಲದಮ್ಮನೂ ಜೊತೆಗೆ ಹೋದಳು. ವಿಮಾನ ನಿಲ್ದಾಣದ ಬಾಗಿಲಲ್ಲೇ ಕಾವಲುಗಾರ ಪಾಸ್‌ಪೋರ್ಟು ಕೇಳಿದ. ಹುಡುಗಿ ಕೋಟು ತಡವಿದಳು.

"ಅಜ್ಜೀ, ಜೇಬಿಗೆ ಬಾಯೇ ಇಲ್ಲ."

"ಕೋಟು ಹಾಕ್ಕೊಂಡಿದ್ಯೋ, ಮೂಟೆ ಹಾಕ್ಕೊಂಡಿದ್ಯೋ?" ಎಂದ ಕಾವಲುಗಾರ. ಸಾಲಿನಲ್ಲಿದ್ದವರು ನಕ್ಕರು. ಚೀಲದಮ್ಮ ಕೋಟನ್ನು ಮಡಿಲಿಗೆಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಕೊರಳಪಟ್ಟಿಗೆ ಸದಾ ಸಿಕ್ಕಿಸಿರುತ್ತಿದ್ದ ಸೂಜಿ ತೆಗೆದಳು. ದಾರದ ತುದಿ ಎಲ್ಲಿ ಹೂತಿದ್ದಾಳೋ ಅವಳಿಗೇ ನೆನಪಿಲ್ಲ. ಅವಸರಕ್ಕೆ ಸೂಜಿ ದಾರ ಬಿಟ್ಟು ಬೆರಳಿಗೇ ಚುಚ್ಚಿತು. ಒಳಗಿನಿಂದ ಧ್ವನಿವರ್ಧಕ ಹುಡುಗಿಯ ವಿಮಾನದವರನ್ನೇ ಕರೆಯತೊಡಗಿತು.

ಕಾವಲುಗಾರನಿಗೂ ಕನಿಕರ ಬಂತು. ಮೇಜಿನಿಂದ ಬ್ಲೇಡು ತಂದ. "ಕೊಡಿ ಅಜ್ಜಿ, ಸರಕ್ ಅಂತ ಸೀಳಿ ಕೊಡ್ತೀನಿ."

"ಕೊಟ್ಬಿಡು ಅಜ್ಜಿ, ಹೊತ್ತಾಯ್ತು" ಎಂದಳು ಹುಡುಗಿ, ಅಳು ನುಂಗುತ್ತ.

ಹರಿದ ಪಾಸ್‌ಪೋರ್ಟು ಹಿಡಿದು ಹೋದವರನ್ನು ವಾಪಸ್ ಅಟ್ಟುತ್ತಾರೆಂದು ಚೀಲದಮ್ಮ ಅಂಗಡಿಯಲ್ಲಿ ಕೇಳಿದ್ದಳು. ಅಷ್ಟರಲ್ಲಿ ಒಂದು ಹೊಲಿಗೆ ಸಡಿಲವಾಗಿ ಪಾಸ್‌ಪೋರ್ಟಿನ ಮೂಲೆ ಇಣುಕಿತ್ತು. ಅದರ ಮೇಲೆ ಬೆರಳು ಅಡ್ಡ ಇಟ್ಟು, ತಲೆ ಎತ್ತದೆ ಹೇಳಿದಳು:

"ಬೇಡಪ್ಪಾ, ಬ್ಲೇಡು ಒಳಗಿಡು. ಅದಕ್ಕೆ ದಾರ ಯಾವ್ದು, ಕಾಗದ ಯಾವ್ದು ತಿಳಿಯಲ್ಲ. ಹೊಲಿದಿದ್ದು ನಾನು, ಬಿಚ್ಚೋದೂ ನಾನೇ."