ಕಟ್ಟೆಯಿಲ್ಲದ ತುಳಸಿ

ಆಗೆಲ್ಲ ಶಿಡ್ಲಘಟ್ಟದಲ್ಲಿ ಚಳಿ ಶುರುವಾಯಿತೆಂದರೆ ನಮ್ಮ ಕ್ವಾರ್ಟರ್ಸ್‌ನ ಮಕ್ಕಳೆಲ್ಲ ಒಟ್ಟಿಗೇ ಕೆಮ್ಮುತ್ತಿದ್ದೆವು. ಗಾಳಿ ಬೀಸಿದರೆ ರೇಷ್ಮೆಗೂಡು ಬೇಯಿಸುವ ವಾಸನೆ. ಅದನ್ನೂ ಸೋಲಿಸುತ್ತಿದ್ದದ್ದು ಅಮ್ಮನ ಕಷಾಯದ ಘಮ. ಜಜ್ಜಿದ ಶುಂಠಿ, ಮೆಣಸು, ಜೀರಿಗೆ ಹಾಕಿದ ನೀರು ಅರ್ಧಕ್ಕೆ ಇಳಿದ ಮೇಲೆ ತುಳಸಿ ಹಾಕಿ ಮುಚ್ಚಿಡುತ್ತಿದ್ದಳು. ಬೆಲ್ಲ ಕೊನೆಗೆ.

ನಮ್ಮದು ಬೌದ್ಧರ ಮನೆ. ಅಪ್ಪ ಸರ್ಕಾರಿ ಗುಮಾಸ್ತ. ನಮ್ಮ ತುಳಸಿಗೆ ಕಟ್ಟೆಯಿಲ್ಲ, ಪೂಜೆಯಿಲ್ಲ. ಹಿತ್ತಲಲ್ಲಿ ಹಳೇ ಪೇಂಟ್ ಡಬ್ಬದಲ್ಲಿ ಬೆಳೆಯುತ್ತಿತ್ತು. ಪಕ್ಕದ ಮನೆಯ ಮೇಷ್ಟ್ರ ಹೆಂಡತಿಯ ತುಳಸಿಗೆ ಕಟ್ಟೆ, ರಂಗೋಲಿ, ದೀಪ ಎಲ್ಲವೂ ಇತ್ತು. ಆದರೆ ಮಂಗಳವಾರ, ಶುಕ್ರವಾರ, ದ್ವಾದಶಿಯಂದು ಅದರ ಎಲೆ ಕೀಳುವಂತಿರಲಿಲ್ಲ. ಕೆಮ್ಮಿಗೆ ವಾರ, ತಿಥಿ ಗೊತ್ತೇ? ಆ ದಿನಗಳಲ್ಲಿ ಆಕೆ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಪೂಜೆ ಮಾಡದ ಗಿಡ, ಕಿತ್ತರೆ ಪಾಪವಿಲ್ಲ ಎಂಬ ಲೆಕ್ಕಾಚಾರ. ಪಾಪ ಬಂದರೂ ಬರಲಿ, ಕೀಳುವವಳು ನಮ್ಮಮ್ಮ ತಾನೇ.

ಅವರ ಮಗಳು ಸುಮಾ, ನನ್ನ ಚೌಕಾಬಾರದ ಜೊತೆಗಾತಿ. ಒಂದು ಶುಕ್ರವಾರ ಅವಳಿಗೆ ಕೆಮ್ಮು ಜೋರಾಗಿತ್ತು. ಅಮ್ಮ ಕಷಾಯವನ್ನೇ ಮಾಡಿ ನನ್ನ ಕೈಲಿ ಕಳಿಸಿದಳು. ಆಕೆ ನಗುನಗುತ್ತಲೇ ಲೋಟ ತೆಗೆದುಕೊಂಡರು. ನಾನು ಹಿತ್ತಲಿಗೆ ಬಂದು ಮೋಟುಗೋಡೆಯಾಚೆ ನೋಡಿದರೆ, ಅದನ್ನು ಮೋರಿಗೆ ಸುರಿಯುತ್ತಿದ್ದರು. ಸುಮಾ ಪಕ್ಕದಲ್ಲೇ ನಿಂತು ಕೆಮ್ಮುತ್ತಿದ್ದಳು. ಎಲೆಯಾದರೆ ಆಗುತ್ತದಂತೆ, ನಮ್ಮ ಒಲೆಯ ಮೇಲೆ ಕುದಿದದ್ದು ಆಗುವುದಿಲ್ಲವಂತೆ. ಇವತ್ತು ನೆನೆದರೂ ಮೈ ಉರಿಯುತ್ತದೆ.

ನಾನು ಅಳುತ್ತಾ ಅಮ್ಮನಿಗೆ ಎಲ್ಲ ಹೇಳಿದೆ. ಮಂಗಳವಾರ ಆಕೆ ಮತ್ತೆ ಬಂದು ಎಲೆಗೆ ಸೆರಗೊಡ್ಡಿ ನಿಂತರು.

“ಎಲೆ ಕೊಡಲ್ಲಮ್ಮ,” ಅಂದಳು ಅಮ್ಮ. “ಕಷಾಯ ಮಾಡಿಟ್ಟಿದ್ದೀನಿ. ಮಗೂನ ಕರ್ಕೊಂಡ್ ಬನ್ನಿ, ಇಲ್ಲೇ ಕುಡೀಲಿ.”

“ಮನೇಲಿ ನಮ್ಮತ್ತೆ ಇದಾರೆ. ನಿಮಗೇ ಗೊತ್ತಲ್ಲ…”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಆಕೆ ಬರಿಗೈಲಿ ಹೋದರು. ಆಮೇಲೆ ಸುಮಾಳನ್ನು ನಮ್ಮ ಮನೆಗೆ ಕಳಿಸಲೇ ಇಲ್ಲ. ಗೋಡೆಯಾಚೆ ಅವಳ ಕೆಮ್ಮು ಕೇಳಿಸಿದಾಗಲೆಲ್ಲ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೂರುತ್ತಿದ್ದಳು. ಕೆಮ್ಮು ನಿಲ್ಲುವ ಮೊದಲೇ ಮೇಷ್ಟ್ರಿಗೆ ಚಿಂತಾಮಣಿಗೆ ವರ್ಗವಾಯಿತು.

ಈಗ ಚಿಕ್ಕಬಳ್ಳಾಪುರದ ಯಾವ ಅಂಗಡಿಗೆ ಹೋದರೂ ತುಳಸಿ ಟೀ ಪೊಟ್ಟಣಗಳು ಸಾಲಾಗಿ ಕೂತಿರುತ್ತವೆ. ಶುಕ್ರವಾರವೂ ಕೊಳ್ಳುತ್ತಾರೆ. ಯಾವ ಜಾತಿಯವರು ಕಿತ್ತರು, ಯಾರು ಒಣಗಿಸಿದರು ಎಂದು ಒಬ್ಬರೂ ಕೇಳುವುದಿಲ್ಲ. ಹಾಗಾದರೆ ಅವತ್ತು ನಮ್ಮಮ್ಮನ ಕೈಗೆ ಏನಾಗಿತ್ತು? ಆ ವಯಸ್ಸಿನಲ್ಲಿ ನನಗಿದ್ದವಳು ಒಬ್ಬಳೇ ಗೆಳತಿ. ಅವಳ ಕೆಮ್ಮು ವಾಸಿಯಾಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.