ಜಶುಬೆನ್‌ಗೆ ಒಂದು ಕುರ್ಚಿ

೧೯೬೬ನೇ ಇಸವಿ. ನಮ್ಮ ಯಜಮಾನರಿಗೆ ರೈಲ್ವೆಯಿಂದ ಅಹಮದಾಬಾದಿಗೆ ವರ್ಗವಾಗಿ, ನವರಂಗಪುರದಲ್ಲಿ ಮನೆ ಮಾಡಿದ್ದೆವು. ಮನಶ್ಶಾಸ್ತ್ರ ಓದಿದ್ದ ನಾನು ಬರೋಡದ ಪ್ರೊಫೆಸರೊಬ್ಬರ ಸಂಶೋಧನೆಗೆ ಸಹಾಯಕಿಯಾಗಿ ಒಂದು ಮಾನಸಿಕ ಆಸ್ಪತ್ರೆಗೆ ಹೋಗುತ್ತಿದ್ದೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವವರಿಗೆ ಗುಳಿಗೆಯ ಜೊತೆ ಮಾತುಕತೆಯೂ ಗುಣ ಕೊಡುತ್ತದೆಯೇ ಎಂದು ನೋಡುವ ಕೆಲಸ.

“ಮಾತಾಡೋದಕ್ಕೂ ಸಂಬಳ ಕೊಡ್ತಾರೇನೇ? ಹಾಗಾದ್ರೆ ನಿನಗೆ ಬಡ್ತಿ ಗ್ಯಾರಂಟಿ ಬಿಡು” ಎಂದು ಯಜಮಾನರು ನಗುತ್ತಿದ್ದರು.

ಪ್ರೊಫೆಸರರದು ಒಂದೇ ಕಟ್ಟಪ್ಪಣೆ: ರೋಗಿಗೂ ನಮಗೂ ಸಮನಾದ ಕುರ್ಚಿ. ಆಸ್ಪತ್ರೆಯ ರೂಢಿಯೋ, ರೋಗಿಗಳು ನೆಲದ ಮೇಲೆ ಕೂರಬೇಕು, ಇಲ್ಲವೇ ನಿಂತಿರಬೇಕು. ನನ್ನ ಪಾಲಿಗೆ ಬಂದ ರೋಗಿ, ಸೂರತ್ತಿನಲ್ಲಿ ಜರಿ ಕೆಲಸ ಮಾಡುತ್ತಿದ್ದ ಜಶುಬೆನ್, ಮೊದಮೊದಲು ಕುರ್ಚಿಯ ಅಂಚಿಗೆ ಅಂಟಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಆಮೇಲೆ ಬಾಯಿಬಿಟ್ಟಳು. ಸತ್ತುಹೋದ ಅತ್ತೆ ಈಗಲೂ ಕಿವಿಯಲ್ಲಿ “ಕಳ್ಳಿ, ಕಳ್ಳಿ” ಎಂದು ಬೈಯುತ್ತಿದ್ದಳಂತೆ.

“ನೀವು ಒಂದು ಸಲವಾದರೂ ತಿರುಗಿ ಹೇಳಿದ್ದೀರಾ?” ಎಂದೆ.

“ಅತ್ತೆಗೆ ಎದುರು ಮಾತೇ, ಬೆನ್?” ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ. ಆ ಎದುರು ಮಾತನ್ನೇ ಇಬ್ಬರೂ ಕೂತು ಅಭ್ಯಾಸ ಮಾಡತೊಡಗಿದೆವು. “ನಾನು ಕದ್ದಿಲ್ಲ” ಎಂದು ಹೇಳುವಷ್ಟಾದಳು. ನಿದ್ದೆ ಬಂತು, ಊಟ ಸೇರಿತು.

ಒಂದು ದಿನ ಹೊರಗಿನಿಂದ ಬಂದ ಡಾಕ್ಟರುಗಳ ಮುಂದೆ ಅವಳನ್ನು ಕರೆಸಿದರು. ಎಲ್ಲರೂ ಕೂತು ಚಹಾ ಕುಡಿಯುತ್ತಿದ್ದರು. ಅವಳು ನಡುವೆ ನಿಂತಳು. ಮುಖ್ಯ ಡಾಕ್ಟರು ಬಿಸ್ಕತ್ತು ಅಗಿಯುತ್ತಾ, “ಏನೇ, ಇವತ್ತು ನಿನ್ನ ಅತ್ತೆ ಏನಂದಳು? ಸಾಹೇಬರಿಗೆ ಹೇಳು” ಎಂದರು. ನಗೆಯೋ ನಗೆ!

ನನಗೆ ಮೈಯೆಲ್ಲಾ ಉರಿದುಹೋಯಿತು. ಎದ್ದು ನನ್ನ ಕುರ್ಚಿಯನ್ನು ಅವಳ ಹತ್ತಿರ ಎಳೆದೆ.

“ಅದು ಸ್ಟಾಫಿನ ಕುರ್ಚಿ!” ಎಂದು ಮುಖ್ಯ ಡಾಕ್ಟರು ಗದರಿದರು.

“ನಾವು ಮಾತಾಡೋದು ಕೂತೇ, ಸಾರ್” ಎಂದೆ.

ಜಶುಬೆನ್ ಈ ಸಲ ಅಂಚಿನಲ್ಲಿ ಕೂರಲಿಲ್ಲ, ಒರಗಿ ಕೂತಳು. “ಅತ್ತೆ ಬೈತಾಳೆ ಸಾಹೇಬ್” ಎಂದಳು, “ಆದರೆ ನಾಲ್ಕು ಜನರನ್ನ ಕರೆದು ಕೂರಿಸಿಕೊಂಡು ಬೈಯೋದಿಲ್ಲ.”

ಯಾರೂ ನಗಲಿಲ್ಲ. ನಾವು ಇಷ್ಟು ದಿನ ಹುಡುಕುತ್ತಿದ್ದ ಗುಣ ಕಣ್ಣೆದುರಿಗಿತ್ತು! ಆ ಮಹಾನುಭಾವರಿಗೆ ಕಂಡದ್ದೇ ಬೇರೆ. “ಎದುರುತ್ತರ ಕೊಡ್ತಾಳೆ, ಕಾಯಿಲೆ ಜೋರಾಗಿದೆ” ಎಂದು ಮಾತುಕತೆಯನ್ನೇ ನಿಲ್ಲಿಸಿಬಿಟ್ಟರು. ಪ್ರೊಫೆಸರರು ಬಂದು ಎಷ್ಟು ವಾದಿಸಿದರೂ ಕೇಳಲಿಲ್ಲ.

ವಿಷಯ ತಿಳಿಸಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಜಶುಬೆನ್ ನನ್ನ ಮುಖ ನೋಡಿದಳು. ಮೂಲೆಯಲ್ಲಿದ್ದ ಎರಡು ಕುರ್ಚಿಗಳನ್ನು ತಾನೇ ಎಳೆದು ಎದುರುಬದುರು ಹಾಕಿದಳು.

“ಕೂತ್ಕೋ ಬೆನ್. ಇವತ್ತು ನೀನು ಹೇಳು, ನಾನು ಕೇಳ್ತೀನಿ.”

ಅವಳಿಗೇ ಕಾಯಿಲೆ ಜೋರಾಗಿದೆ ಅಂದರಲ್ಲ! ನನಗೆ ತಲೆ ನರೆತಿದೆ, ಆ ಸಿಟ್ಟು ಮಾತ್ರ ಇನ್ನೂ ಆರಿಲ್ಲ.