ಕೊಕ್ಕರೆ ಬಳಿದ ಅರ್ಧ ಗೋಡೆ

ಊರಿಗೆಲ್ಲ ರಜೆ ಬಂದಾಗ ಬಣ್ಣ ಬಳಿಯುವವರಿಗೆ ಕೆಲಸ ಬರುತ್ತದೆ. ಆಫೀಸುಗಳು ವಾರಪೂರ್ತಿ ಬಾಗಿಲು ಹಾಕುವುದು ಆಗಲೇ. ಮೇಜು ಕುರ್ಚಿಗಳನ್ನು ಹಾಲಿನ ನಡುವೆ ಗುಡ್ಡೆ ಹಾಕಿ, ಪ್ಲಾಸ್ಟಿಕ್ ಹೊದಿಸಿ, ಗೋಡೆಗಳನ್ನು ಇವರ ಕೈಗೆ ಒಪ್ಪಿಸಿ ಎಲ್ಲರೂ ಜಾಗ ಖಾಲಿ ಮಾಡುತ್ತಾರೆ. ಹಾಗಾಗಿ ಕೊಕ್ಕರೆಯೂ ಮೋಟುವೂ ಜೊತೆಯಾದಂದಿನಿಂದ ಒಂದು ರಜೆಯ ವಾರವನ್ನೂ ಮನೆಯಲ್ಲಿ ಕಳೆದವರಲ್ಲ.

ಕೊಕ್ಕರೆ ಎಂದರೆ ಕೊಕ್ಕರೆಯೇ. ಉದ್ದ ಕಾಲು, ಉದ್ದ ಕತ್ತು, ಮಾತಾಡುವಾಗ ಒಂದು ಕಾಲು ಮಡಚಿ ನಿಲ್ಲುವ ಚಾಳಿ. ಒಂದು ಸಣ್ಣ ಸ್ಟೂಲು ಇದ್ದರೆ ಸಾಕು, ಗೋಡೆ ಸೂರನ್ನು ಮುಟ್ಟುವ ಅಂಚಿಗೆ ಅವನ ಬ್ರಷ್ಷು ತಲುಪುತ್ತಿತ್ತು. ಮೋಟುವಿಗೆ ಏಣಿಯಿಲ್ಲದೆ ಕಿಟಕಿಯ ಚಿಲಕವೂ ಎಟುಕದು. ಆದ್ದರಿಂದ ಮೇಲಿನರ್ಧ ಅವನದು, ಕೆಳಗಿನರ್ಧ ಇವನದು. "ಗಡಿ ದಾಟಬೇಡ ಕಣೋ" ಎಂದು ಮೇಲಿನಿಂದ ಅವನು. "ತಲೆ ಮೇಲೆ ಸುರಿಸಬೇಡ, ಇರೋದೇ ನಾಲ್ಕು ಕೂದಲು" ಎಂದು ಕೆಳಗಿನಿಂದ ಇವನು.

ಕೊಕ್ಕರೆಯ ಓದೆಲ್ಲ ನೆಲದ ಮೇಲೆ. ಬಣ್ಣ ಸಿಡಿಯದಿರಲೆಂದು ಹಾಸಿದ ಹಳೆಯ ಪತ್ರಿಕೆಗಳನ್ನು ಬಗ್ಗಿ, ಕತ್ತು ಓರೆ ಮಾಡಿ, ಕಾಲ್ಬೆರಳಿನಿಂದ ಪುಟ ಸರಿಸಿ ಓದುತ್ತಿದ್ದ. ಲೋಕದ ಸುದ್ದಿಯೆಲ್ಲ ಅವನಿಗೆ ಗೊತ್ತು, ಏನಿದ್ದರೂ ಕೆಲವು ತಿಂಗಳು ತಡ. ಚುನಾವಣೆ ಮುಗಿದು ಗೆದ್ದವರು ಕುರ್ಚಿ ಹಿಡಿದು ಬೆಚ್ಚಗಾಗಿದ್ದರೂ ಅವನು, "ಈ ಸಲ ಯಾರು ಬರ್ತಾರೆ ಅಂತ ಹೇಳೋದು ಕಷ್ಟ" ಎಂದು ತಲೆಯಾಡಿಸುತ್ತಿದ್ದ.

ಅವನ ರಜೆ ಎಂದರೆ ಊಟದ ಹೊತ್ತು. ಮ್ಯಾನೇಜರರ ಚಕ್ರದ ಕುರ್ಚಿಯನ್ನು ಪ್ಲಾಸ್ಟಿಕ್ಕಿನಡಿಯಿಂದ ಎಳೆದು, ಅದರಲ್ಲಿ ಕೂತು, ನೆಲವನ್ನೊಮ್ಮೆ ಒದ್ದು ಹಾಲಿನ ಈ ತುದಿಯಿಂದ ಆ ತುದಿಗೆ ಜಾರುತ್ತಿದ್ದ. ಅಲ್ಲಿಂದಲೇ, "ಏಯ್, ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ಗದರುತ್ತಿದ್ದ. "ಆಗ್ಲಿ ಸಾರ್, ಈ ತುತ್ತು ಮುಗಿಸಿ ಹೊರಡ್ತೀನಿ" ಎನ್ನುತ್ತಿದ್ದ ಮೋಟು. ವಾರದ ಕೊನೆಯ ಸಂಜೆ ಎರಡೂ ಮನೆಯವರು ಕೆರೆಯ ಪಕ್ಕದ ಪಾರ್ಕಿನಲ್ಲಿ ಐಸ್‌ಕ್ರೀಮ್ ತಿನ್ನುತ್ತ, ಪೆಡಲ್ ದೋಣಿ ತುಳಿಯುವವರನ್ನು ನೋಡುತ್ತ ಕೂರುತ್ತಿದ್ದರು. ಕೊಕ್ಕರೆ ಒಮ್ಮೆಯೂ ದೋಣಿ ಹತ್ತಲಿಲ್ಲ. ರಜೆಯ ದಿನವೂ ಕಾಲು ನೋಯಿಸಿಕೊಳ್ಳುವುದಕ್ಕೆ ಯಾರಾದರೂ ಟಿಕೆಟ್ ತಗೋತಾರಾ ಎಂದು ಅವನ ವಾದ.

ಬಣ್ಣ ಕಲಸುವುದು ಮಾತ್ರ ಯಾವಾಗಲೂ ಕೊಕ್ಕರೆಯ ಕೆಲಸ. ಬೇಕಾದ ಬಣ್ಣವನ್ನು ಅಂಗಡಿಯ ಯಂತ್ರವೇ ಕಲಸಿ ಡಬ್ಬಿ ತುಂಬಿಸಿ ಕೊಡುವ ಕಾಲ ಬಂದಿದ್ದರೂ ಅವನಿಗೆ ಅದು ಸೇರದು. ಬಿಳಿ ಬಣ್ಣವನ್ನು ಬಕೆಟ್ಟಿಗೆ ಸುರಿದು, ಹಳದಿ, ಕೆಂಪು, ಕಪ್ಪಿನ ಪುಟ್ಟ ಬಾಟಲಿಗಳಿಂದ ಹನಿ ಹನಿಯಾಗಿ ಬಿಡುತ್ತ, ಕೋಲಿನಿಂದ ತಿರುವುತ್ತ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಎಷ್ಟೆಷ್ಟು ಹಾಕಿದೆ ಎಂದು ಮೋಟು ಕೇಳಿದರೆ, "ಸಾಕು ಅನ್ನಿಸೋವಷ್ಟು."

ಈ ಸಲ ಸಿಕ್ಕಿದ್ದು ಮೂರನೇ ಮಹಡಿಯ ಆಫೀಸು. ಅಲ್ಲಿನ ಉದ್ದದ ಗೋಡೆಗೆ ಹಾಲು ಜಾಸ್ತಿಯಾದ ಟೀಯಂಥ ಬಣ್ಣ. ಮಂಗಳವಾರ ಮಧ್ಯಾಹ್ನ ಕೊಕ್ಕರೆ ಗೋಡೆಯ ನಟ್ಟನಡುವೆ ರೋಲರ್ ಇಳಿಸಿ ಸ್ಟೂಲಿನಿಂದ ಕೆಳಗಿಳಿದ. ಮೂಲೆ ಮುಟ್ಟುವ ಮೊದಲು ಬಣ್ಣದವರು ಕೈ ಬಿಡುವುದಿಲ್ಲ. ಬಿಟ್ಟರೆ ಅಲ್ಲೊಂದು ಗೆರೆ ಉಳಿಯುತ್ತದೆ.

"ಏನೋ ಇದು, ಮೂಲೆ ಮುಟ್ಟಿಸಲ್ವಾ?" ಎಂದ ಮೋಟು.

"ಮೂಲೆ ಎಲ್ಲಿಗೆ ಓಡಿಹೋಗುತ್ತೆ ಬಿಡೋ. ಒಂದು ಗಳಿಗೆ ಬೆನ್ನು ಚಾಚ್ತೀನಿ."

"ಮ್ಯಾನೇಜರ್ ಸಾಹೇಬರಿಗೆ ಸುಸ್ತಾಯ್ತು" ಎಂದು ಮೋಟು ನಕ್ಕ. ಕೊಕ್ಕರೆ ಹಾಸಿದ ಪತ್ರಿಕೆಗಳ ಮೇಲೆ ಮಲಗಿ ಕಾಗದದ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡ. ಮೋಟು ತನ್ನ ಪಾಲಿನ ಕೆಳಗಿನರ್ಧವನ್ನು ಮೂಲೆಯವರೆಗೂ ಮುಗಿಸಿದ. ಸ್ನೇಹಿತನಿಗೆ ಎಚ್ಚರವಾಗದಿರಲೆಂದು ರೋಲರನ್ನು ಸದ್ದಾಗದಂತೆ ಮೆಲ್ಲಗೆ ಉರುಳಿಸಿದ. ಆಮೇಲೆ ಟೀ ತಂದು ಕರೆದ. ಕೊಕ್ಕರೆ ಏಳಲಿಲ್ಲ.

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲಿನಲ್ಲಿ ಇಳಿಸುವಾಗ ಪ್ರತಿ ತಿರುವಿನಲ್ಲೂ ಆ ಉದ್ದ ಕಾಲುಗಳು ಗೋಡೆಗೆ ತಾಗದಂತೆ ಮೋಟು ಹಿಡಿದುಕೊಂಡಿದ್ದ. ಅಳು ಬರುತ್ತದೆ ಎಂದುಕೊಂಡ, ಬರಲಿಲ್ಲ. ಮಾರನೆಯ ದಿನ ಎಲ್ಲ ಮುಗಿದು ಜನ ಚದುರಿದ ಮೇಲೂ ಬರಲಿಲ್ಲ. ಎದೆಯ ಜಾಗದಲ್ಲಿ ಯಾರೋ ಗೋಡೆಯ ಬಿರುಕಿಗೆ ತುಂಬುವ ಲಪ್ಪ ಮೆತ್ತಿ, ತಿಕ್ಕಿ, ಸಮ ಮಾಡಿ ಬಿಟ್ಟಂತಿತ್ತು.

ಅವತ್ತು ಸಂಜೆ ಕೊಕ್ಕರೆಯ ಮನೆಯಲ್ಲಿ ಅತ್ತಿಗೆ, ಅಂದರೆ ಕೊಕ್ಕರೆಯ ಹೆಂಡತಿ, ನಾಲ್ಕೂ ಗೋಡೆಗಳನ್ನು ಸುತ್ತ ನೋಡಿದಳು. ಬಣ್ಣ ಹಪ್ಪಳದಂತೆ ಎದ್ದ ಗೋಡೆಗಳು.

"ಈ ಮನೆಗೆ ಒಂದ್ಸಲ ಬಣ್ಣ ಬಳೀರಿ ಅಂದ್ರೆ 'ರಜೆ ಬರಲಿ ಕಣೇ' ಅಂತಿದ್ರು. ರಜೆ ಬಂದ್ರೆ ಊರವರ ಗೋಡೆಗೆ ಓಡೋರು. ಈಗ ನೋಡಪ್ಪಾ, ಇದು ಅವರ ಕೈಯಿಂದ ಆಗಿದ್ದು ಅಂತ ತೋರಿಸೋಕೆ ಒಂದು ಮೊಳ ಗೋಡೆ ಇಲ್ಲ ನನ್ನ ಹತ್ತಿರ."

"ಆಫೀಸಲ್ಲಿ ಇದೆ ಅತ್ತಿಗೆ," ಎಂದ ಮೋಟು. ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂತು. "ಅವನು ಬಳಿದಿದ್ದು ಅರ್ಧ ಗೋಡೆ ಇದೆ. ಅದು ಹಾಗೇ ಇರುತ್ತೆ. ಉಳಿದಿದ್ದಷ್ಟೇ ನಾನು ಸೇರಿಸಿ ಮುಗಿಸ್ತೀನಿ."

"ಬೇರೆಯವರ ಕೈ ಬೀಳೋದು ಬೇಡಪ್ಪಾ ಅದರ ಮೇಲೆ."

"ಬೀಳಲ್ಲ."

"ಶನಿವಾರ ಬಂದು ನೋಡ್ತೀನಿ. ಸೋಮವಾರ ಆಫೀಸು ತೆರೆದ ಮೇಲೆ ನನ್ನನ್ನ ಯಾರು ಒಳಗೆ ಬಿಡ್ತಾರೆ?"

ಗುರುವಾರ ಬೆಳಿಗ್ಗೆ ಮೋಟು ಆಫೀಸಿನ ಬಾಗಿಲು ತೆಗೆದಾಗ ಬಕೆಟ್ಟು ಕಿಟಕಿಯ ಕೆಳಗೆ ಬೋರಲು ಬಿದ್ದಿತ್ತು. ಸ್ವಚ್ಛವಾಗಿ, ಹೊಳೆಯುತ್ತ. ಬ್ರಷ್ಷುಗಳನ್ನು ತೊಳೆದು ಸಾಲಾಗಿ ಒಣಗಲು ಇಡಲಾಗಿತ್ತು.

"ನಾನೇ ತೊಳೆದೆ ಸಾರ್," ಎಂದ ಹಿಂದೆ ನಿಂತ ವಾಚ್‌ಮನ್. "ನೀವೆಲ್ಲ ಹಾಗೇ ಹೋಗಿಬಿಟ್ರಿ. ಬಣ್ಣ ಒಣಗಿ ಬಕೆಟ್ ಹಾಳಾಗುತ್ತೆ ಅಂತ. ನನ್ನ ಕೈಲಾದದ್ದು ಅಷ್ಟೇ."

ಕೊಕ್ಕರೆ ಕಲಸಿದ ಬಣ್ಣ ಮೋರಿ ಸೇರಿತ್ತು. ಮೋಟುವಿಗೆ ಸಿಟ್ಟು ಬರಬೇಕಿತ್ತು. "ಒಳ್ಳೇದಾಯ್ತಪ್ಪ" ಎಂದ.

ಮೂಲೆಯಲ್ಲಿ ಬಣ್ಣ ಬದಲಾದರೆ ಯಾರಿಗೂ ತಿಳಿಯದು, ಅಲ್ಲಿ ಬೆಳಕೇ ಬದಲಾಗುತ್ತದೆ. ನಡು ಗೋಡೆಯಲ್ಲಿ ಬದಲಾದರೆ ಅಂಗಿಗೆ ತೇಪೆ ಹಾಕಿದಂತೆ. ಕೊಕ್ಕರೆ ನಿಲ್ಲಿಸಿದ ಜಾಗದಿಂದ ಮೂಲೆಯವರೆಗಿನ ಮೇಲ್ಭಾಗ ಖಾಲಿ ಇತ್ತು. ಅಷ್ಟಕ್ಕೆ ಅದೇ ಬಣ್ಣ ಬೇಕು. ಮೋಟು ಬಾಟಲಿಗಳನ್ನು ಸುತ್ತ ಇಟ್ಟುಕೊಂಡು ಕೂತ. ಹಳದಿ ಬಿಟ್ಟ, ತಿರುವಿದ. ಕೆಂಪು ಬಿಟ್ಟ, ತಿರುವಿದ. ಕಪ್ಪು ಒಂದು ಹನಿ ಹೆಚ್ಚಾಗಿ ಮತ್ತೆ ಬಿಳಿ ಸುರಿದ. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ಬಣ್ಣ ಗೋಡೆಯದಕ್ಕೆ ಅವಳಿಯಂತೆ ಕಂಡಿತು. ಏಣಿ ಹತ್ತಿ ಬಳಿದ. ಒಣಗಿದ ಮೇಲೆ ನೋಡಿದರೆ ಕಪ್ಪಿಟ್ಟಿತ್ತು. ಹಸಿ ಬಣ್ಣ ಒಣಗಿದರೆ ಗಾಢವಾಗುತ್ತದೆ ಎಂಬುದು ಈ ಕೆಲಸ ಕಲಿಯುವವನಿಗೆ ಮೊದಲ ದಿನ ಹೇಳುವ ಮಾತು. ಇಷ್ಟು ವರ್ಷದ ಮೇಲೆ ಮೋಟು ಅದನ್ನು ಮರೆತು ಕೂತಿದ್ದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಸಾರಿಗೆ ಉಪ್ಪು ಸರಿಯಾಗಿದೆಯಾ?"

"ಹೂಂ, ಸರಿಯಾಗಿದೆ."

"ನಾನು ಉಪ್ಪೇ ಹಾಕಿಲ್ಲ ಕಣ್ರೀ." ಅವನ ತಟ್ಟೆಗೆ ಉಪ್ಪು ಉದುರಿಸಿ, "ಈ ಸಲ ಕೆರೆ ಹತ್ತಿರ ಹೋಗೋದು ಬೇಡ ಅಲ್ವಾ?" ಎಂದಳು.

"ನಿನಗೆ ಬೇಕಿದ್ರೆ ಹೋಗೋಣ."

"ನನಗೇನು ಬೇಕಿಲ್ಲ." ಪಕ್ಕದ ಮನೆಯಲ್ಲಿ ರಜೆಗೆ ಬಂದ ನೆಂಟರು ಇಸ್ಪೀಟು ಆಡುತ್ತ ಹೋ ಎಂದು ಕೂಗುತ್ತಿದ್ದರು. ಇಬ್ಬರೂ ಅದನ್ನು ಕೇಳುತ್ತ ಊಟ ಮುಗಿಸಿದರು.

ಶುಕ್ರವಾರ ಮೋಟು ರಟ್ಟಿನ ಚೂರುಗಳಿಗೆ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಒಂದೊಂದನ್ನೇ ಗೋಡೆಗೆ ಹಿಡಿದು ನೋಡಿದ. ಇದು ಕೆಂಪು ಹೆಚ್ಚು, ಅದು ಸಪ್ಪೆ. ವಾಚ್‌ಮನ್ ಪಕ್ಕದಲ್ಲೇ ನಿಂತು ಪ್ರತಿ ಚೂರಿಗೂ, "ಇದೇ ಸಾರ್! ಕರೆಕ್ಟ್ ಇದೇ!" ಎನ್ನುತ್ತಿದ್ದ. ಬಕೆಟ್ಟು ತೊಳೆದು ತಾನೇನು ಮಾಡಿಟ್ಟೆ ಎಂಬುದು ಅಷ್ಟರಲ್ಲಿ ಅವನಿಗೆ ಅರ್ಥವಾಗಿತ್ತು. ಕತ್ತಲಾಗುವ ಹೊತ್ತಿಗೆ ಟ್ಯೂಬ್‌ಲೈಟಿನ ಕೆಳಗೆ ಒಂದು ಚೂರು ಗೋಡೆಯಲ್ಲಿ ಕರಗಿಯೇ ಹೋಯಿತು. ಮೋಟು ಆ ಬಣ್ಣವನ್ನೇ ಬಳಿದು ಮನೆಗೆ ಹೋದ.

ಶನಿವಾರ ಬೆಳಿಗ್ಗೆ ಬಂದು ಕಿಟಕಿಯ ಪರದೆ ಎತ್ತಿದ. ಹಗಲಿನ ಬೆಳಕಿನಲ್ಲಿ ತೇಪೆ ಹಸಿರು ಹೊಡೆಯುತ್ತಿತ್ತು. ಪರದೆಯನ್ನು ಕೆಳಗೆ ಬಿಟ್ಟು, ಟ್ಯೂಬ್‌ಲೈಟ್ ಹಾಕಿ, ಪತ್ರಿಕೆಗಳ ಮೇಲೆ ಕೂತ. ಅತ್ತಿಗೆ ಬರುವವರೆಗೂ ಹಾಗೇ ಕೂತಿದ್ದ.

ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ವಾಚ್‌ಮನ್ ಒಂದು ಕುರ್ಚಿ ತಂದಿಟ್ಟು ಹೊರಗೆ ಹೋದ. ಅವಳು ಕೂರಲಿಲ್ಲ.

"ಇದೇನಾ?"

"ಇದೇ ಅತ್ತಿಗೆ."

ಬಹಳ ಹೊತ್ತು ನೋಡಿದಳು. "ಗೋಡೆ ಥರಾನೇ ಇದೆಯಲ್ಲಪ್ಪಾ."

"ಹೂಂ. ಗೋಡೆನೇ."

"ನಾನು ಏನೋ ಅಂದ್ಕೊಂಡು ಬಂದೆ." ಮುಖ ಒರೆಸಿಕೊಂಡಳು. "ಅವರದು ಯಾವುದು, ನಿಂದು ಯಾವುದು ಗೊತ್ತೇ ಆಗಲ್ಲ. ಚೆನ್ನಾಗಿ ಸೇರಿಸಿಬಿಟ್ಟಿದ್ದೀಯ."

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಅದನ್ನೇ ನಂಬಿಕೊಂಡು ಮನೆಗೆ ಹೋಗುತ್ತಿದ್ದಳು. ಮೋಟು ಎದ್ದು ಹೋಗಿ ಪರದೆಯ ಹಗ್ಗ ಎಳೆದ. ಬೆಳಕು ಬಿತ್ತು. ತೇಪೆ ಎದ್ದು ಕಂಡಿತು, ಅವಳಿಗೂ.

"ಸೇರಿಲ್ಲ ಅತ್ತಿಗೆ. ಅವನ ಬಣ್ಣ ನನ್ನ ಕೈಗೆ ಸಿಗಲಿಲ್ಲ."

"ಹೀಗೇ ಬಿಟ್ರೆ ಏನಾಗುತ್ತೆ?"

"ಸೋಮವಾರ ಬಂದವರು ನೋಡ್ತಾರೆ. ಬೇರೆ ಯಾರನ್ನೋ ಕರೆಸಿ ಮೇಲೆ ಹೊಡೆಸ್ತಾರೆ."

"ನೀನೇನು ಮಾಡ್ಬೇಕು ಅಂತಿದ್ದೀಯ?"

"ಆ ಮೂಲೆಯಿಂದ ಈ ಮೂಲೆವರೆಗೆ ಎಲ್ಲಾ ಹೊಸದಾಗಿ. ಅವನದರ ಮೇಲೂ."

ಅವಳು ಈಗ ಕೂತಳು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ನಿಂತು ಹೊರಟಿತು.

"ಅವರಿದ್ದಿದ್ರೆ?" ಎಂದಳು.

"ಅವನಾಗಿದ್ರೆ ಇಷ್ಟು ಹೊತ್ತಿಗೆ ಹೊಡೆದು ಮುಗಿಸಿ, ನನಗೆ ನಾಲ್ಕು ಬೈದಿರೋನು."

"ಹಂಗಾದ್ರೆ ಹೊಡಿ. ನೀನೇನು ಬೇರೆಯವನಾ?" ಎಂದಳು. "ನಾನಿಲ್ಲೇ ಇರ್ತೀನಿ" ಎಂದು ಸೇರಿಸಿದಳು.

ಮೋಟು ಬಣ್ಣವನ್ನು ದೊಡ್ಡ ಬಕೆಟ್ಟಿನಲ್ಲಿ ಹೊಸದಾಗಿ ಕಲಸಿದ. ಈಗ ಯಾವುದಕ್ಕೂ ಹೊಂದಿಸಬೇಕಾಗಿರಲಿಲ್ಲ, ಕೈ ಸಲೀಸಾಗಿ ಹೋಯಿತು. ಏಣಿಯನ್ನು ಗೋಡೆಗೆ ಒರಗಿಸಿದ. ನೆಲ ನುಣುಪಾಗಿತ್ತು, ಏಣಿ ಜಾರಿತು. ಅತ್ತಿಗೆ ಎದ್ದು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೂರಿನಂಚಿನಲ್ಲಿ ಕೊಕ್ಕರೆಯ ಬ್ರಷ್ಷು ಎಳೆದ ಗೆರೆಯನ್ನು ಮೋಟು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆಳಗಿನಿಂದ ನೇರವಾಗಿ ಕಾಣುತ್ತಿದ್ದ ಅದು ಅಲ್ಲಲ್ಲಿ ಸಣ್ಣಗೆ ಅಲುಗಿತ್ತು. ಆ ನಡುಕ ಈ ವಾರದ್ದೋ, ಅಥವಾ ಯಾವಾಗಲೂ ಹೀಗೇ ಇತ್ತೋ, ಅವನಿಗೆ ತಿಳಿಯಲಿಲ್ಲ. ಅದರ ಮೇಲೆ ಬ್ರಷ್ಷು ಎಳೆದ. ಒಳಗೆ ಏನಾದರೂ ಆಗುತ್ತದೆಂದು ಒಂದು ಕ್ಷಣ ಕೈ ತಡೆದ. ಏನೂ ಆಗಲಿಲ್ಲ. ಮುಂದಕ್ಕೆ ಎಳೆದ.

ಏಣಿ ಸರಿಸುವಾಗ ಅವಳು "ಆಯ್ತಾ?" ಎನ್ನುವಳು, ಅವನು "ಆಯ್ತು" ಎನ್ನುವನು. ಸಂಜೆಯ ಹೊತ್ತಿಗೆ ಗೋಡೆ ಮೂಲೆಯಿಂದ ಮೂಲೆಗೆ ಒಂದೇ ಬಣ್ಣವಾಗಿ ಹಸಿಯಾಗಿ ನಿಂತಿತು.

ಅವಳು ಹತ್ತಿರ ಹೋದಳು. "ಅವರು ಎಲ್ಲಿವರೆಗೆ ಬಂದಿದ್ರು?"

ಮೋಟು ಹುಡುಕಿದ. ಸಿಗಲಿಲ್ಲ. ಕಿಟಕಿಯಿಂದ ಅಂದಾಜು ಮಾಡಿ, "ಅಲ್ಲಿ, ಇನ್ನೂ ಸ್ವಲ್ಪ ಈಚೆಗೆ" ಎಂದ.

"ಇಲ್ಲೇನಾ?" ಎಂದು ಅವಳು ಬೆರಳಿಟ್ಟಳು. ಬಣ್ಣ ಅಂಟಿತು. "ಅಯ್ಯೋ, ಹಾಳು ಮಾಡಿದೆನಲ್ಲಪ್ಪಾ!"

"ಏನೂ ಆಗಿಲ್ಲ ಅತ್ತಿಗೆ."

ಗೋಡೆಯ ಮೇಲೆ ಬೆರಳ ತುದಿಯಷ್ಟು ಗುರುತಿತ್ತು. ಬಿಟ್ಟರೆ ಹಾಗೇ ಒಣಗುತ್ತಿತ್ತು. ಮೋಟು ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಒರೆಸಿ, ಅದರ ಮೇಲೆ ಎರಡು ಸಲ ಮೆಲ್ಲಗೆ ಎಳೆದ. ಅವಳು ಬೆರಳನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದಳು. ಗುರುತು ಹೋಯಿತು.